ಸೇವಂತಿಗೆ ಉದ್ದಕ್ಕೆ ಹೋದರೆ ಬಾಟಲಿ ಬೇಡ, ಮೊದಲು ಬಲ್ಬ್ ನೋಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕೃಷಿ ಪುಟದಲ್ಲಿ ಹೂವಿನ ರೇಟು ಬರುತ್ತದೆ, ರೋಗಕ್ಕೆ ಏನು ಹೊಡೆಯಬೇಕು ಅಂತ ಬರುತ್ತದೆ, ಗಿಡದ ಎತ್ತರದ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಪಾಲಿಹೌಸ್‌ನಲ್ಲಿ ಸೇವಂತಿಗೆ ಬೆಳೆಯುವ ನಮಗೆ ದುಡ್ಡು ಹೋಗುವುದೇ ಅಲ್ಲಿ. ಬೊಕೆಗೆ ಕೊಡುವ ಹೂವಿಗೆ ಕಾಂಡ ಉದ್ದ ಬೇಕು, ಆದರೆ ಗಟ್ಟಿಯಾಗಿರಬೇಕು. ಕುಂಡದ ಗಿಡವಾದರೆ ಕುಂಡದ ಎತ್ತರದ ಎರಡು ಪಟ್ಟು ದಾಟಿತು ಅಂದರೆ ನೋಡಲೂ ಚೆನ್ನಾಗಿರುವುದಿಲ್ಲ, ಗಾಡಿಯಲ್ಲಿ ಸಾಗಿಸುವಾಗ ಉರುಳಿ ಬೀಳುತ್ತದೆ. ಮೊಗ್ಗು ಕಟ್ಟುವ ಹೊತ್ತಿಗೆ ಗಿಡ ಸರ್ರನೆ ಮೇಲೆದ್ದು, ಕತ್ತು ಸಣ್ಣಗಾಗಿ, ಹೂವಿನ ಭಾರಕ್ಕೆ ವಾಲಿಕೊಳ್ಳುತ್ತದೆ. ಆಗ ನಾವು ಅಂಗಡಿಗೆ ಓಡುತ್ತೇವೆ, ಅವರು ಗಿಡ ಉದ್ದ ಹೋಗದಂತೆ ತಡೆಯುವ ಔಷಧದ ಒಂದು ಬಾಟಲಿ ಕೊಡುತ್ತಾರೆ. ನನ್ನ ತಕರಾರು ಈ ಬಾಟಲಿಯ ಮೇಲೆ.

ಎತ್ತರ ನಿರ್ಧಾರವಾಗುವುದು ಮೊಗ್ಗು ಬಂದಾಗ ಅಲ್ಲ, ಬಲ್ಬ್ ಆರಿಸಿದ ದಿನ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೇವಂತಿಗೆ ರಾತ್ರಿ ಉದ್ದ ಇದ್ದಾಗ ಮೊಗ್ಗು ಕಟ್ಟುವ ಗಿಡ. ಕೆಲವು ಗಿಡಗಳು ಹೀಗೆ ಹಗಲು-ರಾತ್ರಿಯ ಅಳತೆ ನೋಡಿ ಹೂ ಬಿಡುತ್ತವೆ ಅಂತ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲೇ ತೋರಿಸಿಕೊಟ್ಟರು. ನಮ್ಮ ಬೆಂಗಳೂರು ಸುತ್ತಮುತ್ತ ಜೂನ್ ತಿಂಗಳಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರ್‌ನಲ್ಲಿ ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಹಾಗಾಗಿ ಸೂರ್ಯನನ್ನೇ ನಂಬಿಕೊಂಡರೆ ಈಗಿನ ತಳಿಗಳು ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟಿಬಿಡುತ್ತವೆ. ಅದಕ್ಕೇ ರಾತ್ರಿ ಬಲ್ಬ್ ಹಾಕುವುದು. ರಾತ್ರಿ 10ರಿಂದ 2ರವರೆಗೆ ಬೆಳಕು ಕೊಟ್ಟರೆ ಸಾಕು, ಉದ್ದದ ರಾತ್ರಿ ಎರಡು ತುಂಡಾಗುತ್ತದೆ, ಗಿಡ ಮೊಗ್ಗು ಮರೆತು ಬೆಳೆಯುತ್ತಾ ಹೋಗುತ್ತದೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವವರು ಹೊಲದ ತುಂಬ ಉರಿಯುವ ಬಲ್ಬ್ ನೋಡಿರುತ್ತಾರೆ, ಅದು ಇದೇ ಕೆಲಸ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಎಡವುವುದು ಮುಂದೆ. ಬಲ್ಬ್ ಆರಿಸಿದ ತಕ್ಷಣ ಗಿಡ ನಿಲ್ಲುವುದಿಲ್ಲ. ತುದಿಯಲ್ಲಿ ಮೊಗ್ಗು ಕಣ್ಣಿಗೆ ಕಾಣುವವರೆಗೆ ಇನ್ನೂ ಕೆಲವು ವಾರ ಗೆಣ್ಣುಗಳ ನಡುವಿನ ಕಾಂಡ ಹಿಗ್ಗುತ್ತಲೇ ಇರುತ್ತದೆ, ಆಮೇಲೆ ಹೂವಿನ ತೊಟ್ಟೂ ಉದ್ದವಾಗುತ್ತದೆ. ಎಷ್ಟು ಹಿಗ್ಗುತ್ತದೆ ಅನ್ನುವುದು ತಳಿಯ ಮೇಲೆ ಹೋಗುತ್ತದೆ. ಬಲ್ಬ್ ಆರಿಸಿದ 7 ವಾರಕ್ಕೆ ಅರಳುವ ತಳಿ ಇದೆ, 10 ವಾರ ತೆಗೆದುಕೊಳ್ಳುವುದೂ ಇದೆ. ಹೂವಿಗೆ ನಿಧಾನ ಮಾಡುವ ತಳಿಗೆ ಉದ್ದಕ್ಕೆ ಹೋಗಲು ಅಷ್ಟು ಜಾಸ್ತಿ ಸಮಯ ಸಿಗುತ್ತದೆ. ಎರಡನ್ನೂ ಒಂದೇ ಸೂರಿನಡಿ ನೆಟ್ಟು ಒಂದೇ ದಿನ ಸ್ವಿಚ್ ಆರಿಸಿದರೆ ಒಂದು ಸರಿಯಾಗಿರುತ್ತದೆ, ಇನ್ನೊಂದು ಆಸರೆಗೆ ಕಟ್ಟಿದ ನೆಟ್ ದಾಟಿ ಮೇಲೆ ಹೋಗಿರುತ್ತದೆ. ಬೊಕೆ ಹೂವಿಗೆ ಒಂದು ಅಡಿ ದಾಟಿದ ಮೇಲೆ ಬಲ್ಬ್ ಆರಿಸುವ ರೂಢಿ ಇದೆ. ಕುಂಡದ ಗಿಡಕ್ಕೆ ಅಷ್ಟು ಕಾದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಈಗಿನ ಹುಡುಗರು ಯೂಟ್ಯೂಬ್ ನೋಡಿ ಕಲಿಯುತ್ತಾರೆ, ಕಲಿಯಲಿ, ತಪ್ಪೇನಿಲ್ಲ. ಆದರೆ ಅದರಲ್ಲಿ ಬಹಳಷ್ಟು ವಿಡಿಯೋ ಕೆನಡಾ, ಅಮೆರಿಕದಲ್ಲಿ ಮನೆಯೊಳಗೆ ಗಾಂಜಾ ಬೆಳೆಯುವವರದು. ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಅದು ಕಾನೂನುಬದ್ಧ, ನಮ್ಮಲ್ಲಿ ಅಪರಾಧ. ಗಾಂಜಾ ಕೂಡ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ, ಬೆಳಕನ್ನು 12 ಗಂಟೆಗೆ ಇಳಿಸಿದ ಮೇಲೆ ಎರಡು ಮೂರು ವಾರ ಅದೂ ಹೀಗೇ ಎದ್ದುಬಿಡುತ್ತದೆ, ಹಾಗಾಗಿ ಅವರು ಹೇಳುವ ಎಷ್ಟೋ ವಿಷಯ ನಮಗೂ ಹೊಂದುತ್ತದೆ. ಒಂದು ವಿಷಯ ಮಾತ್ರ ಹೊಂದುವುದಿಲ್ಲ. ಅವರ ಕೋಣೆಯಲ್ಲಿ ದೀಪವೇ ಸೂರ್ಯ, ಗಿಡ ಊಟ ಮಾಡುವುದೇ ಆ ಬೆಳಕಿನಲ್ಲಿ. ನಮ್ಮ ಬಲ್ಬ್ ಬರೀ ರಾತ್ರಿ ಮುರಿಯಲು ಇರುವುದು. ಅವರನ್ನು ನೋಡಿ ದುಬಾರಿ ಗ್ರೋ ಲೈಟ್ ತಂದು ಪಾಲಿಹೌಸ್‌ಗೆ ಕಟ್ಟುವುದು ಸುಮ್ನೆ ದಂಡ. ಹಳೆಯ ಬುರುಡೆ ಬಲ್ಬ್ ತೆಗೆದು ಎಲ್‌ಇಡಿ ಹಾಕಿದರೆ ಅದರಿಂದ ಲಾಭ ಇದೆ, ಕರೆಂಟ್ ಉಳಿಯುವುದು ಒಂದು ಕಡೆ, ಬುರುಡೆ ಬಲ್ಬಿನಲ್ಲಿ ಜಾಸ್ತಿ ಇರುವ ದೂರ-ಕೆಂಪು ಬೆಳಕು ಗಿಡವನ್ನು ಇನ್ನಷ್ಟು ಉದ್ದ ಮಾಡುತ್ತದೆ, ಅದು ತಪ್ಪುತ್ತದೆ.

ಗಿಡಗಳನ್ನು ಒತ್ತೊತ್ತಾಗಿ ಇಟ್ಟರೂ ಇದೇ ಕಥೆ. ಪಕ್ಕದ ಎಲೆಯ ನೆರಳು ಬಿದ್ದ ಗಿಡ ಬೆಳಕು ಹುಡುಕಿಕೊಂಡು ಮೇಲೆ ಹೋಗುತ್ತದೆ. ಕುಂಡಗಳ ಎಲೆ ಒಂದಕ್ಕೊಂದು ತಾಗಿತು ಅಂದರೆ ಅವತ್ತೇ ದೂರ ಸರಿಸಬೇಕು, ಜಾಗ ಇಲ್ಲ ಅಂತ ಮುಂದೂಡಿದರೆ ಆಮೇಲೆ ಯಾವ ಔಷಧವೂ ಅದನ್ನು ಸರಿ ಮಾಡುವುದಿಲ್ಲ.

ಇನ್ನು ಕರೆಂಟ್ ವಿಷಯ. ಸತತವಾಗಿ ಕೆಲವು ರಾತ್ರಿ ಸಪ್ಲೈ ಹೋಗಿ ಬಲ್ಬ್ ಉರಿಯದಿದ್ದರೆ ತುದಿಯಲ್ಲಿ ಮೊಗ್ಗು ಶುರುವಾಗುತ್ತದೆ. ಮತ್ತೆ ಬಲ್ಬ್ ಉರಿದಾಗ ಆ ಮೊಗ್ಗು ಮುಂದೆ ಹೋಗದೆ ಅಲ್ಲೇ ಕೂರುತ್ತದೆ. ಹತ್ತಿರ ಹೋಗಿ ನೋಡಿ, ತುದಿಯ ಎಲೆಗಳಿಗೆ ಹಲ್ಲಿರುವುದಿಲ್ಲ, ಸಪೂರ ಪಟ್ಟಿ ಥರ ಇರುತ್ತವೆ, ಮೊಗ್ಗು ಕಾಳಿನಷ್ಟಾಗಿ ಗಟ್ಟಿಯಾಗಿರುತ್ತದೆ, ಅದರ ಕೆಳಗಿನ ಗೆಣ್ಣುಗಳಿಂದ ಮೂರು ನಾಲ್ಕು ಕವಲು ಅದನ್ನು ದಾಟಿ ಮೇಲೆ ಹೋಗಿರುತ್ತವೆ. ಒಂದೇ ಪಾತಿಯಲ್ಲಿ ಒಂದು ಗಿಡ ಗಿಡ್ಡ, ಒಂದು ಎತ್ತರ. ಇದನ್ನು ರೋಗ ಅಂದುಕೊಂಡು ಔಷಧ ಹೊಡೆದವರನ್ನು ನಾನು ನೋಡಿದ್ದೇನೆ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ರಸ್ತೆಯ ಬೀದಿದೀಪದ ಬೆಳಕು ಬೀಳುವ ಮೂಲೆಯಲ್ಲಿ ಗಿಡ ಹಸಿರಾಗಿ ಬೆಳೆಯುತ್ತಲೇ ಇರುತ್ತದೆ, ಉಳಿದ ಪಾತಿಯೆಲ್ಲ ಹೂ ಬಿಟ್ಟರೂ ಅಲ್ಲಿ ಮೊಗ್ಗೇ ಇಲ್ಲ. ಆ ಕಡೆಗೆ ಒಂದು ಕಪ್ಪು ಪರದೆ ಕಟ್ಟಿದರೆ ಮುಗಿಯಿತು.

ಬಿಸಿಯ ಲೆಕ್ಕ ಇನ್ನೂ ಮುಖ್ಯ, ಅದನ್ನು ನಾವು ಗಮನಿಸುವುದೇ ಕಡಿಮೆ. ಹಗಲಿನ ಬಿಸಿಗೂ ರಾತ್ರಿಯ ತಂಪಿಗೂ ಅಂತರ ಜಾಸ್ತಿ ಆದಷ್ಟೂ ಗೆಣ್ಣುಗಳ ನಡುವಿನ ಕಾಂಡ ಉದ್ದವಾಗುತ್ತದೆ. 1980ರ ದಶಕದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಮಾರ್ಚ್-ಏಪ್ರಿಲ್‌ನಲ್ಲಿ ನಮ್ಮ ಪಾಲಿಹೌಸ್ ಒಳಗೆ ಮಧ್ಯಾಹ್ನ ನಿಲ್ಲಲು ಆಗುವುದಿಲ್ಲ, ಬೆಳಗಿನ ಜಾವ ತಣ್ಣಗಿರುತ್ತದೆ, ಗಿಡ ಉದ್ದ ಹೋಗದೆ ಏನು ಮಾಡೀತು? ಜೊತೆಗೆ ವಿಪರೀತ ಸೆಕೆಗೆ ಮೊಗ್ಗು ಕಟ್ಟುವುದೂ ತಡವಾಗುತ್ತದೆ. ಪಕ್ಕದ ಪರದೆಯನ್ನು ಸೂರ್ಯ ಹುಟ್ಟುವ ಮೊದಲೇ ಎತ್ತಿಬಿಡಿ. ಬೆಳಗಿನ ಮೊದಲ ಎರಡು ಮೂರು ಗಂಟೆ ತಂಪಾಗಿದ್ದರೆ ಗಿಡ ಅಷ್ಟು ಎಳೆಯುವುದಿಲ್ಲ. ಇದಕ್ಕೆ ಖರ್ಚೇ ಇಲ್ಲ, ಬೇಗ ಏಳಬೇಕು ಅಷ್ಟೆ. ಬಲ್ಬ್ ಆರಿಸಿದ ಮೇಲೆ ಯೂರಿಯಾ ಕೊಡುವುದು ಬಿಟ್ಟು ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಸಿಯಂ ನೈಟ್ರೇಟ್ ಕಡೆ ಹೋಗಿ. ತುದಿ ಚಿವುಟುವ ಕೆಲಸವನ್ನೂ ಬಲ್ಬ್ ಉರಿಯುತ್ತಿರುವಾಗಲೇ ಮುಗಿಸಿ.

ಇಷ್ಟೆಲ್ಲ ಆದಮೇಲೂ ಬಾಟಲಿ ಬೇಕೇ ಬೇಕು ಅಂದರೆ ಅದರೊಳಗೆ ಏನಿದೆ ಅಂತ ತಿಳಿದು ತನ್ನಿ. ಡ್ಯಾಮಿನೋಜೈಡ್ ಎಲೆಗೆ ಹೊಡೆಯುವಂಥದ್ದು. ಅಮೆರಿಕದಲ್ಲಿ ಸೇಬಿಗೆ ಬಳಸುತ್ತಿದ್ದರು, 1989ರಲ್ಲಿ ಜನ ಗಾಬರಿಯಾಗಿ ದೊಡ್ಡ ಗಲಾಟೆಯಾಗಿ ತಿನ್ನುವ ಬೆಳೆಗಳಿಂದ ಅದನ್ನು ತೆಗೆದರು, ಈಗ ಅಲಂಕಾರದ ಗಿಡಗಳಿಗೆ ಮಾತ್ರ. ಪ್ಯಾಕ್ಲೋಬ್ಯುಟ್ರಜಾಲ್ ಬೇರೆಯದೇ, ನಮ್ಮ ಮಾವಿನ ತೋಟದವರಿಗೆ ಗೊತ್ತಿರುವ ಔಷಧ, ಮಣ್ಣಿಗೆ ಹಾಕಿದರೆ ಬಹಳ ಕಾಲ ಅಲ್ಲೇ ಉಳಿಯುತ್ತದೆ. ನಮ್ಮ ಪಕ್ಕದ ಪಾಲಿಹೌಸ್‌ನವರಿಗೆ ಅಂಗಡಿಯಲ್ಲಿ ಹೆಸರೂ ಅಳತೆಯೂ ಸರಿಯಾಗಿ ಬರೆದಿಲ್ಲದ ಬಾಟಲಿ ಕೊಟ್ಟು 'ಇದನ್ನು ಬುಡಕ್ಕೆ ಹುಯ್ಯಿರಿ' ಅಂದರು. ಗಿಡ ನಿಂತಿತು ನಿಜ. ಹೂವೂ ಚಿಕ್ಕದಾಯಿತು, ಹಬ್ಬಕ್ಕೆ ಸಿಗದೆ ತಡವಾಯಿತು. ಅದೇ ಪಾತಿಗೆ ನೆಟ್ಟ ಮುಂದಿನ ಬೆಳೆಯ ಸಸಿಗಳೂ ಕುಳ್ಳಾಗಿ ಕೂತವು. ಸಾಲ ಮಾಡಿ ಪಾಲಿಹೌಸ್ ಕಟ್ಟಿದ ಕುಟುಂಬ ಅದು. ಅವರ ಮುಖ ನೋಡಿ ನನಗೆ ಹೊಟ್ಟೆ ಉರಿದುಹೋಯಿತು.

ಹಾಗಾಗಿ ನಿಮ್ಮ ಪತ್ರಿಕೆ ಮೂಲಕ ತೋಟಗಾರಿಕೆ ಇಲಾಖೆಗೂ ಸಸಿ ಮಾರುವ ನರ್ಸರಿಗಳಿಗೂ ಕೇಳುವುದು ಇಷ್ಟೆ. ಸಸಿ ಕೊಡುವಾಗ ಬಣ್ಣದ ಫೋಟೋ ಒಂದೇ ಕೊಡಬೇಡಿ. ಬಲ್ಬ್ ಆರಿಸಿದ ಮೇಲೆ ಎಷ್ಟು ವಾರಕ್ಕೆ ಅರಳುತ್ತದೆ, ಅಷ್ಟರಲ್ಲಿ ಎಷ್ಟು ಉದ್ದ ಹೋಗುತ್ತದೆ ಅಂತ ತಳಿವಾರು ಬರೆದು ಕೊಡಿ, ಕನ್ನಡದಲ್ಲಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ಮಗ್ಗುಲಲ್ಲೇ ಇದೆ, ಇಲ್ಲಿನ ಹವೆಯಲ್ಲಿ ಅಳೆದು ಹೇಳಲು ಅವರಿಗಿಂತ ಯಾರು ಬೇಕು? ನೀವೂ ಕೃಷಿ ಪುಟದಲ್ಲಿ ಅದಕ್ಕೆ ಒಂದು ಚಿಕ್ಕ ಜಾಗ ಕೊಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ, ದೀಪಾವಳಿಗೆ ಹೂ ಬೇಕಾದವರು ಬಲ್ಬ್ ಯಾವತ್ತು ಆರಿಸಬೇಕು ಅಂತ ಆ ಪಟ್ಟಿ ನೋಡಿ ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಇಂತಿ,
ಒಬ್ಬ ಹೂ ಬೆಳೆಗಾರ,
ದೊಡ್ಡಬಳ್ಳಾಪುರ ತಾಲ್ಲೂಕು