ಬಸ್ಸು ಕಿತ್ತೂರಿನ ಪಕ್ಕದಲ್ಲೇ ಹೋಗುತ್ತದೆ, ನಾವು ಮಲಗಿರುತ್ತೇವೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಆಗಸ್ಟ್ 15ಕ್ಕೆ ನಮ್ಮ ಸೊಸೈಟಿಯ ಕಾರ್ಯಕ್ರಮದಲ್ಲಿ ನನ್ನ ಮಗಳು ಕಿತ್ತೂರು ಚೆನ್ನಮ್ಮನ ವೇಷ ಹಾಕಿದ್ದಳು. ನನ್ನ ಇಳಕಲ್ ಸೀರೆಯನ್ನೇ ಕಚ್ಚೆ ಹಾಕಿ ಉಡಿಸಿದ್ದೆ, ರಟ್ಟಿನ ಕತ್ತಿಗೆ ಬೆಳ್ಳಿ ಕಾಗದ ಸುತ್ತಿ ಕೊಟ್ಟಿದ್ದೆ. ನಾಲ್ಕು ಸಾಲಿನ ಮಾತನ್ನು ಒಂದಕ್ಷರ ತಪ್ಪದೆ ಹೇಳಿದಳು. ಚಪ್ಪಾಳೆ ಬಿತ್ತು, ಬಹುಮಾನವೂ ಬಂತು. ರಾತ್ರಿ ಸೀರೆ ಮಡಚುತ್ತಾ ಸುಮ್ನೆ ಕೇಳಿದೆ, ಕಿತ್ತೂರು ಎಲ್ಲಿದೆ ಹೇಳು ಅಂತ. ಸ್ವಲ್ಪ ಹೊತ್ತು ಯೋಚಿಸಿ, "ರಾಜಸ್ಥಾನದಲ್ಲಿ ಅಲ್ವಾ ಅಮ್ಮಾ?" ಅಂದಳು. ಚಿತ್ತೋರ್ ಅಂದುಕೊಂಡಿದ್ದಳು.

ತಪ್ಪು ನನ್ನದೇ. ನಮ್ಮೂರು ಧಾರವಾಡದ ಹತ್ತಿರ. ವರ್ಷಕ್ಕೆ ಎರಡು ಸಲ ಮುಂಬಯಿಯಿಂದ ಹೋಗುತ್ತೇವೆ, ಬಸ್ಸು ಬೆಳಗಾವಿ ದಾಟಿ ಧಾರವಾಡ ಮುಟ್ಟುವ ಮೊದಲು ಕಿತ್ತೂರಿನ ಪಕ್ಕದಲ್ಲೇ ಹಾದು ಹೋಗುತ್ತದೆ, ಆಗಿನ್ನೂ ಬೆಳಗಿನ ಜಾವ, ಸ್ಲೀಪರ್ ಬಸ್ಸಿನ ಪರದೆ ಎಳೆದುಕೊಂಡು ನಾವೆಲ್ಲ ಒಳ್ಳೇ ನಿದ್ದೆಯಲ್ಲಿರುತ್ತೇವೆ. ಹತ್ತು ವರ್ಷದ ಹುಡುಗಿ ಇಪ್ಪತ್ತು ಸಲವಾದರೂ ಆ ಊರು ದಾಟಿರಬೇಕು. ಒಂದು ಸಲವೂ ನಾನು ಅವಳನ್ನು ಎಬ್ಬಿಸಿ ತೋರಿಸಿರಲಿಲ್ಲ.

ದೀಪಾವಳಿ ರಜೆಯಲ್ಲಿ ಊರಿಗೆ ಹೋದಾಗ ಅವಳನ್ನು ಕರೆದುಕೊಂಡು ಕಿತ್ತೂರಿಗೆ ಹೋಗಿ ಬಂದೆ. ಅರ್ಧ ಬಿದ್ದ ಗೋಡೆಗಳು, ಅರಮನೆಯ ನೆಲ, ಸ್ನಾನದ ತೊಟ್ಟಿಗಳು. ಧ್ರುವ ನಕ್ಷತ್ರ ನೋಡುವ ಕಿಂಡಿ ಅಂತ ಅಲ್ಲಿಯವರು ಒಂದು ತೂತು ತೋರಿಸಿದರು. ಹಾಡಹಗಲು, ನಕ್ಷತ್ರ ಎಲ್ಲಿಂದ ಬರಬೇಕು, ಆದರೂ ಅವಳು ತುಂಬಾ ಹೊತ್ತು ಅದಕ್ಕೆ ಕಣ್ಣಿಟ್ಟು ನಿಂತಿದ್ದಳು. ಅಲ್ಲೇ ಕಟ್ಟೆಯ ಮೇಲೆ ಕೂತು ಹೇಳಿದೆ. ದತ್ತು ಮಗನಿಗೆ ಪಟ್ಟ ಇಲ್ಲ ಅಂತ ಕಂಪನಿಯವರು ಅಂದದ್ದು, 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ದಂಡು ತಂದು ಇಲ್ಲೇ ಸತ್ತದ್ದು, ಡಿಸೆಂಬರಿನಲ್ಲಿ ಅವರು ಇನ್ನೂ ದೊಡ್ಡ ದಂಡು ಕಟ್ಟಿಕೊಂಡು ಬಂದದ್ದು, ಕೋಟೆ ಬಿದ್ದದ್ದು, ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟದ್ದು, 1829ರಲ್ಲಿ ಆಕೆ ಸೆರೆಯಲ್ಲೇ ತೀರಿಕೊಂಡದ್ದು.

"ಹಾಗಾದ್ರೆ ಸೋತಳಾ? ನಂಗೆ ಯಾರೂ ಹೇಳಲೇ ಇಲ್ಲ" ಅಂದಳು. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು. ಹೌದಮ್ಮ, ಸೋತಳು ಅಂದೆ. ಸೋತದ್ದನ್ನು ಮುಚ್ಚಿಡಬೇಕು ಅಂತ ನನಗೆ ಅನ್ನಿಸಲಿಲ್ಲ. ಆ ಸಂಜೆ ಅಜ್ಜಿಯ ಮುಂದೆ ತನ್ನ ಅರ್ಧ ಮುಂಬಯಿ ಕನ್ನಡದಲ್ಲಿ ಎಲ್ಲಾ ಕಥೆ ಹೇಳಿದಳು. ವೇಷದ ದಿನ ಬಾಯಿಪಾಠ ಮಾಡಿದ್ದ ನಾಲ್ಕು ಸಾಲು ಅದರಲ್ಲಿ ಬರಲೇ ಇಲ್ಲ. ಅಜ್ಜಿ ಕೇಳಿ ಮುಗಿಸಿ, "ಮತ್ತ ರಾಯಣ್ಣನ್ನ ಬಿಟ್ಟಿ ಅಲ್ಲವಾ?" ಅಂತ ಶುರು ಮಾಡಿದರು. ಚೆನ್ನಮ್ಮ ತೀರಿಕೊಂಡ ಮೇಲೂ ಸಂಗೊಳ್ಳಿಯ ರಾಯಣ್ಣ ಹೋರಾಡಿದ್ದು, 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು. ಅವತ್ತು ರಾತ್ರಿ ಊಟ ತಡವಾಯಿತು.

ಹೀಗೆ ಜಾಗ ತೋರಿಸಿ ಕಥೆ ಹೇಳುವುದು ನನಗೆ ಬಂದದ್ದು ನಮ್ಮ ಅಪ್ಪನಿಂದ. ಅವರು ಪರೇಲಿನಲ್ಲಿ ಗಿರಣಿ ಕೆಲಸಕ್ಕಿದ್ದರು, ಜಾಸ್ತಿ ಓದಿದವರಲ್ಲ. ಒಂದು ದೀಪಾವಳಿಗೆ ಬಟ್ಟೆ ತರಲು ಕಾಲ್ಬಾದೇವಿ ಕಡೆ ಕರೆದುಕೊಂಡು ಹೋಗಿದ್ದರು. ಬಟ್ಟೆ ಗಂಟು ಕಂಕುಳಲ್ಲಿ ಇಟ್ಟುಕೊಂಡು, ಕೈಗಾಡಿಗಳ ಗದ್ದಲದ ನಡುವೆ ರಸ್ತೆಯಲ್ಲಿ ನಿಂತುಬಿಟ್ಟರು. "ಇಲ್ಲೇ ನೋಡವಾ, ಬಾಬು ಗೇನು ಲಾರಿ ಮುಂದ ಅಡ್ಡ ಬಿದ್ದಾ. ಅವನೂ ನಮ್ಮಂಗ ಗಿರಣಿ ಮನುಷ್ಯಾ" ಅಂದರು. 1930ರ ಡಿಸೆಂಬರ್ 12. ವಿದೇಶಿ ಬಟ್ಟೆ ತುಂಬಿದ ಲಾರಿ ಅವನ ಮೇಲೆ ಹರಿಯಿತು, ಅವನಿಗೆ 22 ವರ್ಷ. ಅಪ್ಪ ಇನ್ನೇನೂ ಹೇಳಲಿಲ್ಲ, ಭಾಷಣ ಅವರಿಗೆ ಬರುತ್ತಿರಲಿಲ್ಲ. ಅಪ್ಪನ ಕೈ ಬೆವರಿದ್ದು, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದದ್ದು ನನಗೆ ಇವತ್ತಿಗೂ ನೆನಪಿದೆ. ಹೊಸ ಬಟ್ಟೆ ಹಾಕಿಕೊಳ್ಳುವಾಗಲೆಲ್ಲ ಬಾಬು ಗೇನು ನೆನಪಾಗುತ್ತಾನೆ.

ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಒಂದಲ್ಲ ಒಂದು ದಿನ ಕೇಳುತ್ತವೆ, ನಾವು ಇಲ್ಲಿಯವರಾ, ಅಲ್ಲಿಯವರಾ? ಎರಡೂ ಕಡೆಯವರು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ಚರಿತ್ರೆ ಹಾಗೇ ಇದೆ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು. ಮಂಗಳೂರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಶೇರು ಪೇಟೆಯೊಳಗೇ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು. ಆಸ್ತಿಯನ್ನೆಲ್ಲ ಹೋರಾಟಕ್ಕೆ ಸುರಿದ ಕಾರ್ನಾಡ್ ಸದಾಶಿವರಾಯರು 1937ರಲ್ಲಿ ಪ್ರಾಣ ಬಿಟ್ಟದ್ದು ಮುಂಬಯಿಯಲ್ಲಿ. ಬೆಂಗಳೂರಿನ ಸದಾಶಿವನಗರ ಅವರ ಹೆಸರಿನದೇ, ಆದರೆ ಅವರು ಕೊನೆಯುಸಿರೆಳೆದ ಊರಿನಲ್ಲಿರುವ ನಾವು ಎಷ್ಟು ಜನ ಮಕ್ಕಳಿಗೆ ಅವರ ಹೆಸರು ಹೇಳಿದ್ದೇವೆ? ಇನ್ನು ಉಮಾಬಾಯಿ ಕುಂದಾಪುರ. ಈ ಊರಿಗೆ ಸೊಸೆಯಾಗಿ ಬಂದವರು, ಓದಿಗೆ ಬೆನ್ನಿಗೆ ನಿಂತದ್ದು ಮಾವ ಆನಂದರಾಯರು. 1920ರಲ್ಲಿ ತಿಲಕರ ಅಂತಿಮಯಾತ್ರೆಯ ಜನಸಾಗರ ನೋಡಿ ಮನಸ್ಸು ತಿರುಗಿತು, ಮುಂದೆ ಹುಬ್ಬಳ್ಳಿಗೆ ಹೋಗಿ ಹೆಣ್ಣುಮಕ್ಕಳನ್ನು ಹೋರಾಟಕ್ಕೆ ಕರೆತಂದರು. ಆ ಕಾಲದಲ್ಲಿ ಸೊಸೆಗೆ ಓದಿ ಅನ್ನುವ ಮಾವ ಇದ್ದರು. ನಾವು ಮಕ್ಕಳಿಗೆ ಒಂದು ಭಾನುವಾರ ಕೊಡುವುದಕ್ಕೂ ಲೆಕ್ಕ ಹಾಕುತ್ತೇವೆ.

ವಾಟ್ಸಾಪಿನಲ್ಲಿ ಬರುವ ದೇಶಭಕ್ತಿ ಸಂದೇಶಗಳ ಬಗ್ಗೆ ಒಂದು ಮಾತು. ಅದರಲ್ಲಿ ಎಷ್ಟೋ ಸುಳ್ಳಿರುತ್ತದೆ, ಯಾರನ್ನೋ ದ್ವೇಷಿಸಿ ಅನ್ನುವುದೂ ಇರುತ್ತದೆ. ದಯವಿಟ್ಟು ಅದನ್ನು ಮಕ್ಕಳಿಗೆ ಓದಿ ಹೇಳಬೇಡಿ. ಮಗು ಕೇಳಿದ್ದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಇಬ್ಬರೂ ಹುಡುಕೋಣ ಅನ್ನಿ. ಉಷಾ ಮೆಹತಾ 1942ರಲ್ಲಿ ಇದೇ ಊರಿನಲ್ಲಿ ಗುಟ್ಟಾಗಿ ರೇಡಿಯೋ ನಡೆಸಿದರು, ಪೊಲೀಸರಿಗೆ ಸಿಗದ ಹಾಗೆ ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದರು ಅಂದಾಗ ನನ್ನ ಮಗಳು ಅಷ್ಟು ದೊಡ್ಡ ಯಂತ್ರ ಹೇಗೆ ಹೊತ್ತರು ಅಂತ ಕೇಳಿದಳು. ನನಗೂ ಗೊತ್ತಿರಲಿಲ್ಲ. ಎರಡು ದಿನ ಇಬ್ಬರೂ ಅದನ್ನೇ ಓದಿದೆವು.

ನಮ್ಮ ಮುಂಬಯಿಯ ಕನ್ನಡ ಸಂಘಗಳಲ್ಲಿ ಒಂದು ಬೇಡಿಕೆ. ಆಗಸ್ಟ್ 15ರ ವೇಷದ ಸ್ಪರ್ಧೆ ಇರಲಿ, ಅದರ ಜೊತೆಗೆ ಮಕ್ಕಳನ್ನು ಒಂದು ಕಡೆ ನಡೆಸಿಕೊಂಡು ಹೋಗಿ ಕನ್ನಡದಲ್ಲಿ ಕಥೆ ಹೇಳಿ. ಸಂಪಾದಕರೇ, ನಿಮ್ಮ ಮಕ್ಕಳ ಪುಟದಲ್ಲಿ ವಾರಕ್ಕೊಬ್ಬರ ಬಗ್ಗೆ ಬರೆದರೆ ನಮ್ಮಂಥ ಅಪ್ಪ ಅಮ್ಮಂದಿರಿಗೂ ಹೇಳಲು ಏನಾದರೂ ಇರುತ್ತದೆ.

ಬರುವ ಭಾನುವಾರ ನಾವಿಬ್ಬರೂ ಗ್ರಾಂಟ್ ರೋಡಿನಲ್ಲಿ ಇಳಿದು ಮೊದಲು ಗಾಂಧೀಜಿ ಉಳಿದುಕೊಳ್ಳುತ್ತಿದ್ದ ಮಣಿ ಭವನ, ಆಮೇಲೆ 1942ರಲ್ಲಿ ಅವರು "ಮಾಡು ಇಲ್ಲವೇ ಮಡಿ" ಅಂದ ಗೋವಾಲಿಯಾ ಟ್ಯಾಂಕ್ ಮೈದಾನಕ್ಕೆ ಹೋಗುತ್ತೇವೆ. ಮಗಳು ಪಕ್ಕದ ಮನೆಯ ಇಬ್ಬರು ಮರಾಠಿ ಗೆಳತಿಯರನ್ನೂ ಕರೆದಿದ್ದಾಳೆ. ಅವರಿಗೆ ಮರಾಠಿಯಲ್ಲಿ ತಾನೇ ಹೇಳುತ್ತಾಳಂತೆ.

ಒಬ್ಬ ಓದುಗಳು, ಡೊಂಬಿವಿಲಿ