ಆಸ್ಪಿರಿನ್ ಯಾಕೆ, ಯಾರಿಗೆ, ಎಲ್ಲಿಯವರೆಗೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಹಾಕುವ ಚಿಕಿತ್ಸೆ) ಬಗ್ಗೆ ಬಂದ ಲೇಖನ ಓದಿದೆ. ಬಹುಪಾಲು ಚೆನ್ನಾಗಿತ್ತು. ಆದರೆ ಕಡಿಮೆ ಡೋಸಿನ ಆಸ್ಪಿರಿನ್ ಗರ್ಭ ನಿಲ್ಲಲು ಸಹಾಯ ಮಾಡುತ್ತದೆ, ಅದರಿಂದ ತೊಂದರೆಯೇನೂ ಇಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಆ ಸಾಲಿನ ಎರಡು ಭಾಗಕ್ಕೂ ನನ್ನ ತಕರಾರಿದೆ. ನಾನು ಡಾಕ್ಟರಲ್ಲ, ಹೈಸ್ಕೂಲಿನ ಗಣಿತ ಟೀಚರ್. ಸದ್ಯಕ್ಕೆ ಅದೇ ಚಿಕಿತ್ಸೆಯಲ್ಲಿದ್ದೇನೆ.

ನಮ್ಮ ಕ್ಲಿನಿಕ್‌ನಲ್ಲಿ ಭ್ರೂಣ ವರ್ಗಾವಣೆಗೆ ಮುಂಚೆ ಒಂದು ಹಾಳೆ ಕೊಡುತ್ತಾರೆ. ಮೊದಲೇ ಪ್ರಿಂಟಾಗಿರುವ ಹಾಳೆ. ಫೋಲಿಕ್ ಆಸಿಡ್, ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು, ಅದರ ಕೆಳಗೆ ‘ಆಸ್ಪಿರಿನ್ 75 ಮಿ.ಗ್ರಾಂ, ರಾತ್ರಿ ಊಟವಾದ ಮೇಲೆ’. ಹೆಸರು, ತಾರೀಕು ಮಾತ್ರ ಪೆನ್ನಿನಲ್ಲಿ ತುಂಬುತ್ತಾರೆ. ಪಕ್ಕದಲ್ಲಿ ಕೂತವರ ಹಾಳೆಯಲ್ಲೂ ಅದೇ ಸಾಲು, ಅದೇ ಅಕ್ಷರ. ‘ಇದು ನನಗೆ ಯಾಕೆ?’ ಎಂದು ಕೇಳಿದೆ. ‘ಎಲ್ಲರಿಗೂ ಕೊಡ್ತೀವಿ ಮೇಡಂ, ರಕ್ತ ತೆಳುವಾಗ್ಲಿ ಅಂತ’ ಎಂದರು ಜೂನಿಯರ್ ಡಾಕ್ಟರ್.

ನನಗೆ ಆಸ್ತಮಾ ಇದೆ. ಮೂಗಿನಲ್ಲಿ ಬೆಳೆದಿದ್ದ ಪಾಲಿಪ್ (ಮೆತ್ತನೆಯ ಗಂಟು) ತೆಗೆಸಿಕೊಂಡಿದ್ದೇನೆ. ಹಲ್ಲುನೋವಿಗೆ ಐಬುಪ್ರೊಫೆನ್ ನುಂಗಿ, ಉಬ್ಬಸ ಬಂದು, ರಾತ್ರಿಯಿಡೀ ಗೋಡೆಗೆ ಒರಗಿ ಕೂತದ್ದೂ ಉಂಟು. ಈ ಮೂರೂ ಒಬ್ಬರಲ್ಲೇ ಇದ್ದರೆ ಆಸ್ಪಿರಿನ್ ಕೂಡ ಉಸಿರು ಕಟ್ಟಿಸಬಹುದು, ಸಣ್ಣ ಡೋಸಾದರೂ ಸರಿ. ಇದನ್ನು ಯಾರೂ ಕೇಳಿರಲಿಲ್ಲ. ನಾನೇ ಹೇಳಿದ ಮೇಲೆ ಹಿರಿಯ ಡಾಕ್ಟರು ಪೆನ್ನು ತೆಗೆದು ಆ ಸಾಲಿನ ಮೇಲೆ ಒಂದು ಗೆರೆ ಎಳೆದರು. ಮಾತಾಡಲೂ ಇಲ್ಲ, ಬದಲಿಗೆ ಬೇರೆ ಏನನ್ನೂ ಬರೆಯಲೂ ಇಲ್ಲ. ಒಂದು ಗೆರೆಗೆ ಹೋಗುವಂಥದ್ದು ಎಲ್ಲರಿಗೂ ಬೇಕಾದ ಔಷಧಿ ಹೇಗಾಯಿತು? ಅದನ್ನೇ ಹುಡುಕುತ್ತಾ ಹೋದೆ.

ಈ ಪದ್ಧತಿಗೆ ಜಾಸ್ತಿ ಬಲ ಬಂದದ್ದು 1999ರಲ್ಲಿ. ಅರ್ಜೆಂಟೀನಾದ ವೈದ್ಯರು 298 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಾ 100 ಮಿ.ಗ್ರಾಂ ಆಸ್ಪಿರಿನ್, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟರು. ಗರ್ಭ ನಿಂತದ್ದು ಶೇ 45 ಮತ್ತು ಶೇ 28. ಇಷ್ಟು ವ್ಯತ್ಯಾಸ ಕಂಡರೆ ಯಾರಿಗೆ ಆಸೆಯಾಗಲ್ಲ? ಕಾರಣವೂ ನಂಬುವ ಹಾಗಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುವ ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ಆಸ್ಪಿರಿನ್ ತಡೆಯುತ್ತದೆ. ಹಾಗಾಗಿ ಗರ್ಭಕೋಶಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ, ಭ್ರೂಣ ಅಂಟಿಕೊಳ್ಳುತ್ತದೆ ಎಂಬುದು ಲೆಕ್ಕಾಚಾರ.

ಆದರೆ ಬೇರೆಯವರು ಮಾಡಿ ನೋಡಿದಾಗ ಆ ಲೆಕ್ಕ ಕೂಡಿಬರಲಿಲ್ಲ. 2005ರಲ್ಲಿ ಫಿನ್ಲೆಂಡಿನಲ್ಲಿ 374 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ ಲಾಭ ಕಾಣಲಿಲ್ಲ. 2016ರಲ್ಲಿ, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ಇಂಥ 13 ಪರೀಕ್ಷೆಗಳನ್ನು, ಅಂದರೆ 2,653 ಹೆಂಗಸರ ಫಲಿತಾಂಶವನ್ನು, ಒಟ್ಟಿಗೆ ಇಟ್ಟು ನೋಡಿದರು. ಐವಿಎಫ್‌ನಲ್ಲಿ ಎಲ್ಲರಿಗೂ ಆಸ್ಪಿರಿನ್ ಕೊಡಲು ಆಧಾರವಿಲ್ಲ ಎಂದರು. ಅಂಡಾಣು ಬೆಳೆಸಲು ಇಂಜೆಕ್ಷನ್ ಕೊಡುವ ಹಂತದಲ್ಲಿ ಇದನ್ನು ಸಾಮಾನ್ಯವಾಗಿ ಕೊಡಬೇಡಿ ಎಂದು ಯುರೋಪಿನ ತಜ್ಞರ ಸಂಘ ಈಎಸ್‌ಎಚ್‌ಆರ್‌ಇ ತನ್ನ 2019ರ ಮಾರ್ಗಸೂಚಿಯಲ್ಲೇ ಹೇಳಿದೆ.

ಕ್ಲಿನಿಕ್‌ನಲ್ಲಿ ಕಾಯುವಾಗ ಸಿಗುವ ಗೆಳತಿಯರು ಇದಕ್ಕೆ ಒಪ್ಪುವುದಿಲ್ಲ. ‘ನಮ್ಮ ಅತ್ತಿಗೆಗೆ ಆಸ್ಪಿರಿನ್ ಶುರು ಮಾಡಿದ ಮೇಲೇ ನಿಂತಿದ್ದು’ ಎನ್ನುತ್ತಾರೆ. ಇರಬಹುದು. ಆದರೆ ಆ ಅತ್ತಿಗೆ ಅದೇ ತಿಂಗಳು ಪ್ರೊಜೆಸ್ಟರಾನ್ ತೆಗೆದುಕೊಂಡಿದ್ದಾರೆ, ಭ್ರೂಣವೂ ಬೇರೆಯದು. ಯಾವುದರಿಂದ ನಿಂತಿತು ಅಂತ ಹೇಗೆ ಹೇಳೋದು? ಇನ್ನು ಕೆಲವರು ಅಮೆರಿಕದ 2014ರ ಅಧ್ಯಯನವೊಂದನ್ನು ಫೋನಿನಲ್ಲಿ ಕಳಿಸುತ್ತಾರೆ. ಅದರಲ್ಲಿದ್ದವರು ಹಿಂದೆ ಒಂದೆರಡು ಗರ್ಭ ಕಳೆದುಕೊಂಡು, ಚಿಕಿತ್ಸೆಯಿಲ್ಲದೆ ಮತ್ತೆ ಪ್ರಯತ್ನಿಸುತ್ತಿದ್ದ 1,228 ಹೆಂಗಸರು. ಐವಿಎಫ್‌ನವರಲ್ಲ. ಅಲ್ಲೂ ಮಗು ಹುಟ್ಟಿದ್ದು ಆಸ್ಪಿರಿನ್ ಗುಂಪಿನಲ್ಲಿ ಶೇ 58, ಇನ್ನೊಂದರಲ್ಲಿ ಶೇ 53. ಅಷ್ಟು ಅಂತರ ಆಕಸ್ಮಿಕವಾಗಿಯೂ ಬರಬಹುದು. ಹಿಂದಿನ ಒಂದು ವರ್ಷದೊಳಗೆ ಒಂದೇ ಒಂದು ಗರ್ಭ ಕಳೆದುಕೊಂಡಿದ್ದವರಲ್ಲಿ ಮಾತ್ರ ಸ್ವಲ್ಪ ಲಾಭ ಕಂಡಿತ್ತು.

ಹಾಗಂತ ಆಸ್ಪಿರಿನ್ ಸುಮ್ನೆ ಕೊಡುವ ಮಾತ್ರೆ ಎಂದು ನಾನು ಹೇಳುತ್ತಿಲ್ಲ. ಈ ಪತ್ರ ಓದಿ ದಯವಿಟ್ಟು ಯಾರೂ ನಿಲ್ಲಿಸಬೇಡಿ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂಬ, ರಕ್ತ ಬೇಗ ಹೆಪ್ಪುಗಟ್ಟುವ ತೊಂದರೆ ಇದ್ದು, ಮತ್ತೆ ಮತ್ತೆ ಗರ್ಭಪಾತ ಆದವರಿಗೆ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಇಂಜೆಕ್ಷನ್ ಜತೆ ಆಸ್ಪಿರಿನ್ ಕೊಡುವುದಕ್ಕೆ ಗಟ್ಟಿ ಕಾರಣವಿದೆ. ಅದನ್ನು ರಕ್ತಪರೀಕ್ಷೆಯಿಂದ ಹಿಡಿಯಬೇಕು, 12 ವಾರವಾದರೂ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ ಖಾತ್ರಿ ಮಾಡಿಕೊಳ್ಳಬೇಕು. ಕಾರಣ ಗೊತ್ತಾಗದ ಗರ್ಭಪಾತಗಳ ಕತೆ ಬೇರೆ. 2010ರಲ್ಲಿ ನೆದರ್ಲೆಂಡ್ಸ್‌ನವರು ಅಂಥ 364 ಹೆಂಗಸರ ಮೇಲೆ ಪರೀಕ್ಷೆ ಮಾಡಿ ನೋಡಿದಾಗ ಪ್ರಯೋಜನ ಸಿಗಲಿಲ್ಲ.

ಇನ್ನೊಂದು ಬಸಿರಿನಲ್ಲಿ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ. 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಪಾಯ ಜಾಸ್ತಿ ಇದ್ದ ಗರ್ಭಿಣಿಯರಿಗೆ 11ರಿಂದ 14ನೇ ವಾರದಲ್ಲಿ ಶುರುಮಾಡಿ 36ನೇ ವಾರದವರೆಗೆ ದಿನಾ ರಾತ್ರಿ 150 ಮಿ.ಗ್ರಾಂ ಕೊಟ್ಟರು. 37 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗುವಂಥ ಪ್ರಿಎಕ್ಲಾಂಪ್ಸಿಯಾ ಶೇ 4.3ರಿಂದ ಶೇ 1.6ಕ್ಕೆ ಇಳಿಯಿತು. ಐವಿಎಫ್ ಬಸಿರಿನಲ್ಲಿ, ಅದರಲ್ಲೂ ದಾನಿಯ ಅಂಡಾಣು ಬಳಸಿದ್ದರೆ, ಈ ತೊಂದರೆ ಜಾಸ್ತಿ. ಆದ್ದರಿಂದ ಇದು ನಮಗೆ ಸಂಬಂಧಿಸಿದ್ದೇ. ಆದರೆ ಇದು ಗರ್ಭ ನಿಂತು ವಾರಗಟ್ಟಲೆ ಆದ ಮೇಲಿನ ಮಾತು, ಭ್ರೂಣ ಅಂಟಿಸುವ ಮಾತಲ್ಲ. ಲೇಖನದಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ.

‘ತೊಂದರೆಯೇನೂ ಇಲ್ಲ’ ಎಂಬುದಕ್ಕೂ ಎರಡು ಮಾತು. ಹೊಟ್ಟೆ ಹುಣ್ಣು ಇದ್ದವರಿಗೆ, ರಕ್ತಸ್ರಾವದ ಕಾಯಿಲೆ ಇದ್ದವರಿಗೆ ಇದು ಸಣ್ಣ ವಿಷಯವಲ್ಲ. ಅಂಡಾಣು ತೆಗೆಯುವಾಗ ಯೋನಿಯ ಗೋಡೆ ದಾಟಿಸಿ ಅಂಡಾಶಯಕ್ಕೆ ಸೂಜಿ ಹಾಕುತ್ತಾರೆ. ಆಸ್ಪಿರಿನ್ ತಟ್ಟಿದ ಪ್ಲೇಟ್‌ಲೆಟ್ ಮತ್ತೆ ಸರಿಹೋಗಲ್ಲ, ಹೊಸವು ಹುಟ್ಟಬೇಕು, ಅದಕ್ಕೆ ವಾರದ ಮೇಲೆ ಹಿಡಿಯುತ್ತದೆ. ಹಾಗಾಗಿ ಹಿಂದಿನ ದಿನ ನಿಲ್ಲಿಸಿದರೆ ನಿಲ್ಲಿಸಿದಂತಲ್ಲ. ತೆಗೆದುಕೊಳ್ಳುತ್ತಿರುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಿರಬೇಕು, ಅಲ್ವಾ?

ನಾನು ಕ್ಲಿನಿಕ್‌ನವರಿಗೆ ಬರೆದುಕೊಟ್ಟದ್ದು ಇಷ್ಟೇ: ಆ ಸಾಲನ್ನು ಪ್ರಿಂಟ್ ಮಾಡಬೇಡಿ. ಕೊಡಬೇಕಾದವರಿಗೆ ಕೈಯಲ್ಲಿ ಬರೆಯಿರಿ, ಯಾಕೆ ಕೊಟ್ಟಿದ್ದೀರಿ, ಯಾವತ್ತು ನಿಲ್ಲಿಸಬೇಕು ಎಂಬುದನ್ನೂ ಬರೆಯಿರಿ. ಉತ್ತರ ಬಂದಿಲ್ಲ. ನಿಮ್ಮ ಪತ್ರಿಕೆಯವರಾದರೂ ಒಬ್ಬ ತಜ್ಞರಿಂದ ಈ ವಿಷಯವೊಂದನ್ನೇ ಬಿಡಿಸಿ ಬರೆಸಿದರೆ ಉಪಕಾರವಾಗುತ್ತದೆ.

ಸದ್ಯಕ್ಕೆ ನಾನು ಆಸ್ಪಿರಿನ್ ತೆಗೆದುಕೊಳ್ಳುತ್ತಿಲ್ಲ. ಈ ಸಲ ನಿಂತರೆ ಪ್ರಶ್ನೆ ಮತ್ತೆ ಬರುತ್ತದೆ. ನನಗೆ ನಲವತ್ತು ದಾಟಿದೆ, ಅದು ಮೊದಲ ಬಸಿರಾಗುತ್ತದೆ. ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ‘ನೈಸ್’ ಸಂಸ್ಥೆಯ ಪ್ರಕಾರ ಈ ಎರಡೂ ಇದ್ದವರಿಗೆ 12ನೇ ವಾರದಿಂದ ಆಸ್ಪಿರಿನ್ ಕೊಡಬೇಕು. ಒಂದು ಕಡೆ ಬಿಪಿ, ಇನ್ನೊಂದು ಕಡೆ ಉಬ್ಬಸ. ಅದನ್ನು ನಾನೊಬ್ಬಳೇ ಕೂತು ತೀರ್ಮಾನಿಸುವಂತಿಲ್ಲ. ಶ್ವಾಸಕೋಶದ ಡಾಕ್ಟರನ್ನೂ ಹೆರಿಗೆ ಡಾಕ್ಟರನ್ನೂ ಮಾತಾಡಿಸಬೇಕು. ಮೊದಲನೆಯವರ ಹತ್ತಿರ ಈಗಲೇ ಸಮಯ ಕೇಳಿಟ್ಟಿದ್ದೇನೆ.

– ಒಬ್ಬ ಗಣಿತ ಶಿಕ್ಷಕಿ
(ದಯವಿಟ್ಟು ಹೆಸರು ಪ್ರಕಟಿಸಬೇಡಿ)