ಕಾಲುವೆ ಪಕ್ಕದ ಜಾಗ ಸುಮ್ನೆ ಬಿದ್ದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಸಿಟಿ ಬಸ್ ಓಡಿಸಿ ನಿವೃತ್ತನಾದವನು. ಮೆಜೆಸ್ಟಿಕ್‌ನಲ್ಲಿ ಎಷ್ಟು ಸಾವಿರ ಸಲ ಬಸ್ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಅದು ಧರ್ಮಾಂಬುಧಿ ಕೆರೆಯ ಅಂಗಳ ಅಂತ ತಿಳಿದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ. ಕೆರೆ ಹೋಯಿತು, ನೀರು ಹೋಗಲಿಲ್ಲ. ಮಳೆ ಬಿದ್ದರೆ ಆ ಕಡೆಯ ನೀರು ಕಲಾಸಿಪಾಳ್ಯ, ಶಾಂತಿನಗರ ಹಾದು, ವಿಲ್ಸನ್ ಗಾರ್ಡನ್‌ನ ನಮ್ಮ ಮನೆ ಹಿಂದೆ ಹರಿದು, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆಗೆ ಸೇರುತ್ತದೆ. ಈ ರಾಜಕಾಲುವೆಗೆ ಕಾಗದದಲ್ಲಿ ಕೆ-100 ಅಂತ ಹೆಸರು. ಬಸ್ ನಂಬರ್ ಇದ್ದ ಹಾಗಿದೆ, ಅಲ್ವಾ?

ಶಾಂತಿನಗರದ ಹತ್ತಿರ ಇದರ ಅಂಚಿಗೆ ಕಲ್ಲು ಹಾಸಿ, ಗಿಡ ನೆಟ್ಟಿದ್ದಾರೆ. ನಮ್ಮ ಮನೆ ಹಿಂದೆ ಮಾತ್ರ ಹಳೇ ಟೈರು, ಮನೆ ಒಡೆದ ಮಣ್ಣು, ಹರಳು ಗಿಡ. ಮೊನ್ನೆ ಟೀ ಅಂಗಡಿಯಲ್ಲಿ ಪಕ್ಕದ ಬೀದಿಯವರೊಬ್ಬರು, "ಸುಮ್ನೆ ಬಿದ್ದಿರೋ ಜಾಗ ಕಣ್ರೀ. ಸ್ಲ್ಯಾಬ್ ಹಾಕಿ ಮೇಲೆ ಮಳಿಗೆ ಕಟ್ಟಿದ್ರೆ ಒಳ್ಳೇ ಬಾಡಿಗೆ ಬರುತ್ತೆ" ಅಂದರು. ಸಂಪಂಗಿ ಕೆರೆಯೂ ಹೀಗೇ ಸುಮ್ನೆ ಬಿದ್ದಿತ್ತು ಸ್ವಾಮಿ, ಈಗ ಅಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಸ್ಲ್ಯಾಬ್ ಹಾಕಿದ ಮೇಲೆ ಹೂಳು ತೆಗೆಯಲು ಜೆಸಿಬಿ ಇಳಿಯುವುದು ಎಲ್ಲಿಂದ? 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಮಳೆನೀರು ತುಂಬಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಇಷ್ಟು ಬೇಗ ಮರೆತುಹೋಯಿತೇ? ಅದೂ ಅಲ್ಲದೆ, ದೊಡ್ಡ ರಾಜಕಾಲುವೆಯ ನಡುವಿನಿಂದ 50 ಮೀಟರ್ ಒಳಗೆ ಕಟ್ಟಬಾರದು ಅಂತ 2015ರ ಮಾಸ್ಟರ್ ಪ್ಲಾನ್‌ನಲ್ಲೇ ಇದೆ.

ಹಾಗಂತ ಜಾಗ ಕೊಳೆಯಲಿ ಅನ್ನುತ್ತಿಲ್ಲ. ನನ್ನ ಸೊಸೆ ದಿನಾ ಶಾಂತಿನಗರ ಬಸ್ ನಿಲ್ದಾಣಕ್ಕೆ ನಡೆದೇ ಹೋಗುತ್ತಾಳೆ. ಸಿಗ್ನಲ್ ಎಲ್ಲ ದಾಟಿ ಇಪ್ಪತ್ತೈದು ನಿಮಿಷ. ಒಂದು ಭಾನುವಾರ ನಾನು ಕಾಲುವೆ ಅಂಚು ಹಿಡಿದು ಹೋದೆ. ಎರಡು ಕಡೆ ಗೋಡೆ ಹತ್ತಿ ಇಳಿದೂ ಹದಿನಾಲ್ಕೇ ನಿಮಿಷ! (ಮನೆಯಲ್ಲಿ ಬೈಸಿಕೊಂಡೆ, ಆ ಮಾತು ಬೇರೆ.) ಅಲ್ಲಿ ಒಂದು ಕಾಲುದಾರಿ, ನಾಲ್ಕು ಹೊಂಗೆ ಮರ, ದೀಪ ಇದ್ದರೆ ಸಾಕು. ಸಿಗ್ನಲ್ ಹತ್ತಿರ ಹೊಗೆ ಕುಡಿಯುತ್ತಾ ಕೂರುವ ಸೊಪ್ಪಿನವರಿಗೂ ಎಳನೀರಿನವರಿಗೂ ಅಲ್ಲೇ ತಳ್ಳುಗಾಡಿ ಜಾಗ ಕೊಡಲಿ. ಅವರು ಕೊಡುವ ಬಾಡಿಗೆಯಲ್ಲಿ ಗುಡಿಸುವವರ ಸಂಬಳಕ್ಕೆ ಒಂದಷ್ಟು ಆಗುತ್ತದೆ. ಆದರೆ ಮೊದಲು ಒಳಚರಂಡಿ ನೀರು ಕಾಲುವೆಗೆ ಬೀಳುವುದು ನಿಲ್ಲಬೇಕು. ಮೋರಿ ವಾಸನೆಯಲ್ಲಿ ಎಳನೀರು ಯಾರು ಕುಡೀತಾರೆ?

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ನಕ್ಷೆ ಹಾಕಿಕೊಂಡು ಒಂದು ಕಚೇರಿಗೆ ಹೋದೆ. ಅವರು ಇನ್ನೊಂದು ಕಚೇರಿ ಹೆಸರು ಹೇಳಿದರು. ಅಲ್ಲಿಯವರು ಮತ್ತೆ ಮೊದಲಿನ ಕಚೇರಿಗೇ ಕಳಿಸಿದರು. ನಕ್ಷೆ ಈಗಲೂ ನನ್ನ ಜೇಬಿನಲ್ಲಿದೆ. ಯಾರಾದರೂ ಎಂಜಿನಿಯರ್ ಬರುವುದಾದರೆ ಬೆಳಿಗ್ಗೆ ಆರಕ್ಕೇ ಬರಲಿ, ಬಿಸಿಲೇರುವ ಮುಂಚೆ ಜೊತೆಯಲ್ಲೇ ನಡೆದು ತೋರಿಸುತ್ತೇನೆ.

– ನಿವೃತ್ತ ಬಸ್ ಚಾಲಕ, ವಿಲ್ಸನ್ ಗಾರ್ಡನ್, ಬೆಂಗಳೂರು